ಪುಷ್ಪಕ್ಕನ ಸ್ಲೇಟು

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹೋಗಿ ವಿಡಿಯೋ ಮಾಡುವ ಪುಷ್ಪಾ ಎಲ್ಲಿರುತ್ತಾಳೆ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. 'ಸ್ಲೇಟ್ ಪುಷ್ಪಕ್ಕ' ಎಂದು ಕೇಳಿ, ಟೀ ಅಂಗಡಿಯವನಿಂದ ಹಿಡಿದು ಆಟೋದವರ ತನಕ ಎಲ್ಲರೂ ಕೈ ತೋರಿಸುತ್ತಾರೆ. ಆ ಹೆಸರನ್ನು ಇಟ್ಟವನು ಹೊನ್ನಾಳಿಯ ಮಾಲತೇಶ. ಪ್ರೀತಿಯಿಂದ ಇಟ್ಟದ್ದಲ್ಲ, ನೂರಾರು ಜನರೆದುರು ಅವಳ ಮಾನ ತೆಗೆಯಲು ಇಟ್ಟದ್ದು. ಬೇರೆ ಯಾರಾದರೂ ಆಗಿದ್ದರೆ ಆ ಹೆಸರು ಕೇಳಿದಾಗಲೆಲ್ಲ ಜಗಳಕ್ಕೆ ನಿಲ್ಲುತ್ತಿದ್ದರು. ಪುಷ್ಪಾ ನಿಲ್ಲಲಿಲ್ಲ. ಇಟ್ಟವನಿಗೇ ಒಂದು ಹೆಸರಿಟ್ಟು ಕಳಿಸುವ ತನಕ ತನ್ನ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಳು.

ಪುಷ್ಪಾ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಪ್ಪನಿಗೆ ಕುರಿಹಿಂಡು, ಅವಳೂ ತಮ್ಮ ಕೆಂಚೇಶನೂ ಆ ಹಿಂಡಿನ ಹಿಂದೆ ಓಡಾಡಿಕೊಂಡೇ ಬೆಳೆದವರು. ಪಿಯುಸಿ ಮುಗಿಸಿ ಜಗಳೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡಲು ಕೂತಳು. ಆಮೇಲೆ ವಿಡಿಯೋ ಮಿಕ್ಸಿಂಗ್ ಕಲಿತಳು. ಮದುಮಕ್ಕಳ ತಲೆ ಮೇಲೆ ಇಲ್ಲದ ಹೂವು ಉದುರಿಸುವುದು, ಬೀಗರ ಜಗಳ ಬಂದ ಕಡೆ ಕತ್ತರಿಸಿ ವಾಲಗ ಹಾಕುವುದು, ಹೀಗೆ ಆ ಕಸುಬಿನ ಎಲ್ಲ ಕಳ್ಳದಾರಿಗಳೂ ಅವಳಿಗೆ ಕರಗತವಾದವು. ಆಮೇಲೆ ಚನ್ನಗಿರಿಗೆ ಬಂದು ಟೈಲರ್ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಳು. ಹಿಂದೆಯೇ ಕೆಂಚೇಶನೂ ಬಂದು ಅಡಿಕೆ ಸುಲಿಯುವವರ ಗುಂಪಿಗೆ ಸೇರಿದ. ಅಕ್ಕ ಮಾಡಿದ ಸಾರಿಗೆ ಉಪ್ಪು ಕಡಿಮೆ ಎಂದು ತಮ್ಮ, ತಮ್ಮನ ಅಂಗಿಗೆ ಅಡಿಕೆ ಕರೆ ಹೋಗುವುದಿಲ್ಲ ಎಂದು ಅಕ್ಕ, ಬೈದಾಡಿಕೊಂಡು ಚೆನ್ನಾಗಿಯೇ ಇದ್ದರು.

ಅವಳ ಲ್ಯಾಪ್‌ಟಾಪು ಹತ್ತಿಂಚಿನದು. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ ತಂದದ್ದು. ಮುಚ್ಚಿದರೆ ಬುತ್ತಿ ಡಬ್ಬಿಯ ಪಕ್ಕ ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತಿತ್ತು. ಊರಿನ ಸ್ಟುಡಿಯೋದವರೆಲ್ಲ ನಗುತ್ತಿದ್ದರು. "ಇದ್ರಾಗೆ ಹಾಡು ಕೇಳ್ಬೋದು ಪುಷ್ಪಕ್ಕ, ಕೆಲ್ಸ ಮಾಡಾಕೆ ಆಗ್ತೈತೇನು?" ಎನ್ನುತ್ತಿದ್ದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಒಂದು ಗುಂಡಿ ಒತ್ತಲು ಹೋದರೆ ಎರಡು ಒತ್ತಿಕೊಳ್ಳುತ್ತಿದ್ದವು. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣು ಖಾರ ಬಿದ್ದಂತೆ ಉರಿಯುತ್ತಿತ್ತು. ಮೂವತ್ತು ತುಂಬುವ ಮೊದಲೇ ಅವಳಿಗೆ ಕನ್ನಡಕ ಬಂತು. ಆದರೆ ದೊಡ್ಡ ಲ್ಯಾಪ್‌ಟಾಪಿಗೆ ಮೇಜು ಬೇಕು, ಕರೆಂಟು ಬೇಕು, ಅದನ್ನು ಹೊರಲು ಒಂದು ಗಟ್ಟಿ ಹೆಗಲು ಬೇಕು. ಅವಳ ಕೆಲಸ ನಡೆಯುತ್ತಿದ್ದದ್ದು ಹೊನ್ನಾಳಿ ಬಸ್ಸಿನ ಕಿಟಕಿ ಸೀಟಿನಲ್ಲಿ, ಕಲ್ಯಾಣ ಮಂಟಪದ ಅಡುಗೆಮನೆ ಹಿಂದೆ, ಯಾರದೋ ಜಗಲಿಯ ತುದಿಯಲ್ಲಿ. ಅಲ್ಲೆಲ್ಲ ಅವಳಿಗೆ ಸಿಗುತ್ತಿದ್ದ ಮೇಜು ತನ್ನ ತೊಡೆ ಒಂದೇ.

ಇನ್ನೊಂದು ವಿಷಯ ಹೇಳಬೇಕು, ಮುಂದೆ ಬೇಕಾಗುತ್ತದೆ. ಕ್ಯಾಮರಾದಿಂದ ಬಂದ ದೊಡ್ಡ ವಿಡಿಯೋವನ್ನು ಆ ಪುಟ್ಟ ಯಂತ್ರ ಎತ್ತಲಾರದು. ಅದಕ್ಕೆ ಪುಷ್ಪಾ ಪ್ರತಿ ವಿಡಿಯೋದ್ದೂ ಒಂದು ಮಸುಕು ನಕಲು ಮಾಡಿಕೊಳ್ಳುತ್ತಿದ್ದಳು. ಕತ್ತರಿಸುವುದು, ಜೋಡಿಸುವುದು, ಹಾಡು ಹಾಕುವುದು ಎಲ್ಲ ಆ ನಕಲಿನ ಮೇಲೆ. ಕೆಲಸ ಮುಗಿದ ಮೇಲೆ ನಕಲನ್ನು ತೆಗೆದು ಅದರ ಜಾಗದಲ್ಲಿ ಅಸಲಿಯನ್ನು ಕೂರಿಸಿ, ಟೇಬಲ್ ಫ್ಯಾನನ್ನು ಯಂತ್ರದ ಕಡೆಗೆ ತಿರುಗಿಸಿ, 'ಬೇಯಲಿ' ಎಂದು ಬಿಟ್ಟು ಮಲಗುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಬೆಂದು ಬಂದ ವಿಡಿಯೋ ಮಾತ್ರ ಕ್ಯಾಮರಾ ಕಂಡಷ್ಟೇ ಸ್ವಚ್ಛವಾಗಿರುತ್ತಿತ್ತು. ಮಾಡುವಾಗ ನೋಡಿದವರಿಗೆ ಇದು ಗೊತ್ತಾಗುವಂತಿರಲಿಲ್ಲ.

ದೀಪಾವಳಿ ಕಳೆದರೆ ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಬೆದರಿಸುವ ಹಬ್ಬದ ಹುಚ್ಚು ಶುರು. ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ ಜನರ ನಡುವೆ ಬಿಡುತ್ತಾರೆ. ಹೋರಿ ಹಿಡಿಯುವ ಹುಡುಗರು ಬರಿಗೈಯಲ್ಲಿ ಆ ಹಾರ ಹರಿಯಬೇಕು. ಹರಿಯಲು ಬಿಡದೆ ಓಡಿ ಗೆರೆ ದಾಟಿದರೆ ಹೋರಿ ಗೆದ್ದಂತೆ. ಹಾರವನ್ನು ಹುರಿಯಲ್ಲೇ ಪೋಣಿಸಬೇಕು, ಮನುಷ್ಯನ ಕೈಗೆ ಹರಿಯುವಂತಿರಬೇಕು. ಅದು ಹಿರಿಯರ ಕಾಲದಿಂದ ಬಂದ ಕಟ್ಟಳೆ. ಈಗೀಗ ಹೋರಿಗಳಿಗೂ ಅಭಿಮಾನಿ ಬಳಗ, ಹೆಸರು ಬರೆದ ಟೀ ಶರ್ಟು, ಅಖಾಡಕ್ಕೆ ಬರುವ ಮೊದಲು ತೋರಿಸಲು ಒಂದು 'ಎಂಟ್ರಿ ವಿಡಿಯೋ' ಎಲ್ಲ ಬಂದಿವೆ. ಪುಷ್ಪಾಳಿಗೆ ಆ ಕೆಲಸ ಕೈತುಂಬ ಸಿಗುತ್ತಿತ್ತು. ಕೆಂಚೇಶನೋ, ಚಿಕ್ಕಂದಿನಲ್ಲಿ ಟಗರು ಹಿಡಿದು ಪಳಗಿದವನು, ಅಡಿಕೆ ಕೆಲಸಕ್ಕೆ ರಜೆ ಹಾಕಿ ಹೋರಿ ಹಿಡಿಯಲು ಹೋಗುತ್ತಿದ್ದ.

ಹೋದ ವರ್ಷ ನ್ಯಾಮತಿ ಹತ್ತಿರದ ಅಖಾಡಕ್ಕೆ ಮಾಲತೇಶನ ಹೋರಿ ಬಂತು. ಹೋರಿಯ ಹೆಸರು 'ಹೊನ್ನಾಳಿ ಸಿಡಿಲು'. ಮಾಲತೇಶ ಜೆಸಿಬಿ ಇಟ್ಟುಕೊಂಡ ಮಣ್ಣು ಕೆಲಸದ ಕಂಟ್ರಾಕ್ಟರು. ಆಳು ಕುಳ್ಳ, ಗಂಟಲು ಮಾತ್ರ ಅವನ ಜೆಸಿಬಿಯದೇ. ಅವನ ಹೋರಿಯ ಕೊಬ್ಬರಿಯನ್ನು ಅಲ್ಲಿಯವರೆಗೆ ಯಾರೂ ಹರಿದಿರಲಿಲ್ಲ. ಆ ದಿನ ಕೆಂಚೇಶ ನೆಗೆದು ಹಾರಕ್ಕೆ ಬೆರಳು ತೂರಿಸಿ ಎಳೆದ. ಹುರಿಯಾಗಿದ್ದರೆ ಪಟ್ಟನೆ ಹರಿಯಬೇಕಿತ್ತು. ಹರಿಯಲಿಲ್ಲ. ಹೋರಿ ಅವನನ್ನು ಅಷ್ಟು ದೂರ ದರದರ ಎಳೆದುಕೊಂಡು ಹೋಯಿತು. ಕೈ ಬಿಡಿಸಿಕೊಂಡು ಎದ್ದಾಗ ಬಲಗೈಯ ಕೊನೆಯ ಎರಡು ಬೆರಳು ಎಲುಬು ಕಾಣುವಷ್ಟು ಕೊಯ್ದುಹೋಗಿದ್ದವು. ಹುರಿ ಚರ್ಮ ತರಚುತ್ತದೆ, ಹೀಗೆ ಕೊಯ್ಯುವುದಿಲ್ಲ ಎಂದು ಕುರಿ ಕಟ್ಟಿ ಬೆಳೆದ ಪುಷ್ಪಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೇಲಿಯಾಚೆ ವಿಡಿಯೋ ತೆಗೆಯುತ್ತಿದ್ದವಳು ತೆಗೆದದ್ದನ್ನು ಯಂತ್ರಕ್ಕೆ ಇಳಿಸಿಕೊಂಡು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಮಿಟಿಯ ವೇದಿಕೆಗೆ ಓಡಿದಳು. ಕಮಿಟಿಯ ಹಿರಿಯ ಹಾಲೇಶಪ್ಪ ನ್ಯಾಯವಂತ ಎಂದು ಹೆಸರಾದವರು. "ಹಾರದಾಗೆ ಏನೋ ಐತ್ರೀ ಯಜಮಾನ್ರೇ, ಹುರಿ ಅಲ್ಲ ಅದು, ನೋಡ್ರಿ ಇಲ್ಲಿ" ಎಂದು ಲ್ಯಾಪ್‌ಟಾಪು ಬಿಚ್ಚಿ ಹಿಡಿದಳು. ನಡುಮಧ್ಯಾಹ್ನದ ಬಿಸಿಲು. ಹಾಲೇಶಪ್ಪನವರು ಬಗ್ಗಿ ನೋಡಿದರೆ ಪರದೆಯಲ್ಲಿ ಕಂಡದ್ದು ಅವರದೇ ಮೀಸೆ.

ಮಾಲತೇಶ ಅಲ್ಲಿಗೆ ಬಂದ. ಲ್ಯಾಪ್‌ಟಾಪನ್ನು ಅವಳ ಕೈಯಿಂದ ಕಿತ್ತುಕೊಂಡು, ಎರಡು ಬೆರಳಲ್ಲಿ ಹಿಡಿದು ಜನರಿಗೆಲ್ಲ ಕಾಣುವಂತೆ ಎತ್ತಿದ.

"ನೋಡ್ರಪ್ಪಾ, ಸಾಕ್ಷಿ ತಂದಾಳೆ! ನಮ್ಮ ಪಾಪುನ ಸ್ಲೇಟು ಇದಕ್ಕಿಂತ ದೊಡ್ಡದೈತೆ. ಇಷ್ಟು ಸಣ್ಣದ್ರಾಗೆ ಏನವ್ವಾ ಕಾಣ್ತೈತೆ? ಅಆಇಈ ಬರೀಲಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಕಿನವನು ಅದನ್ನೇ ಹಿಡಿದು "ಸ್ಲೇಟ್ ಪುಷ್ಪಕ್ಕ ವೇದಿಕೆಯಿಂದ ಇಳೀಬೇಕಂತ ವಿನಂತಿ" ಎಂದ. ಇನ್ನಷ್ಟು ನಗು. "ಕುರಿ ಹಿಡಿಯೋರು ಕುರಿ ಹಿಡೀಬೇಕು ಕಣವ್ವಾ, ಹೋರಿ ತಂಟೆಗೆ ಯಾಕೆ ಬರ್ತೀರಿ" ಎಂದು ಮಾಲತೇಶ ಲ್ಯಾಪ್‌ಟಾಪನ್ನು ಅವಳ ಮಡಿಲಿಗೆ ಎಸೆದ. ಅದರ ಉದ್ದದ ಗುಂಡಿಯ ಒಂದು ಮೂಲೆ ಮುರಿದದ್ದು ಆವಾಗಲೇ. ಹಾಲೇಶಪ್ಪನವರು ಮೆಲ್ಲಗೆ, "ತಂಗಿ, ಕಣ್ಣಿಗೆ ಕಾಣದ್ದನ್ನ ಐತೆ ಅಂತ ನಾನು ಹೆಂಗೆ ಹೇಳ್ಲಿ?" ಎಂದರು. ಅಷ್ಟರಲ್ಲಿ ಹೋರಿಯೂ ಹಾರವೂ ಗಾಡಿ ಹತ್ತಿ ಹೋಗಿದ್ದವು.

ಗಾಯ ಹೊಲಿದ ಡಾಕ್ಟರು "ಏನಪ್ಪಾ, ತಂತಿಗೆ ಸಿಕ್ಕಿಹಾಕ್ಕೊಂಡ್ಯಾ?" ಎಂದೇ ಕೇಳಿದರು. ಗಾಯ ಮಾಯಿತು, ಬೆರಳು ಮಾತ್ರ ಮಡಚಲಿಲ್ಲ. ಅಡಿಕೆ ಸುಲಿಯುವ ಕತ್ತಿ ಆ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಗುಂಪಿನವರು ನಾಲ್ಕು ದಿನ ನೋಡಿ, ಪಾಪ ಎಂದು ಹೇಳಿ, ಬೇರೆಯವರನ್ನು ಕರೆದುಕೊಂಡರು. ಕೆಂಚೇಶ ಮನೆಯಲ್ಲಿ ಕೂತ. ಊಟಕ್ಕೆ ಕೂತಾಗ ಅವನು ಮುದ್ದೆ ಮುರಿಯುತ್ತಿದ್ದರೆ ಆ ಎರಡು ಬೆರಳು ನೆಟ್ಟಗೆ ಎದ್ದು ನಿಲ್ಲುತ್ತಿದ್ದವು. ಎದುರಿಗೆ ಕೂತ ಪುಷ್ಪಾ ಅದನ್ನು ದಿನಾ ನೋಡಬೇಕಿತ್ತು.

ತಾನು ತೆಗೆದಿದ್ದ ವಿಡಿಯೋವನ್ನು ಅವಳು ಎಷ್ಟು ಸಲ ನೋಡಿದಳೋ. ಬರೀ ಧೂಳು. ಹೋರಿಯ ಓಟ, ತಮ್ಮನ ಅಂಗಿ, ಧೂಳು. ಅದರಲ್ಲಿ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಉರಿ. ಪರಿಚಯದವರು, "ಇನ್ನಾದ್ರೂ ಒಂದು ದೊಡ್ಡ ಲ್ಯಾಪ್‌ಟಾಪು ತಗಳವ್ವಾ" ಎಂದರೆ ಸಿಡುಕುತ್ತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಸ್ಲೇಟಿಗೆ ಹೋದ ಮಾನ ಸ್ಲೇಟಿನಿಂದಲೇ ಬರಬೇಕು ಎಂದು ಅವಳ ಹಟ. ಹೆಂಗಸಿನ ಹಟ ಅಂತ ಯಾರಾದರೂ ಅಂದೀರಿ! ಹಟಕ್ಕೆ ಗಂಡು ಹೆಣ್ಣು ಇರುವುದಿಲ್ಲ, ಉರಿ ಇರುತ್ತದೆ ಅಷ್ಟೇ.

ಈ ವರ್ಷ ಹಬ್ಬದ ಹಂಗಾಮು ಶುರುವಾದ ಮೇಲೆ ಒಂದು ದಿನ ಜಗಳೂರಿನ ತಿಪ್ಪೇರುದ್ರಸ್ವಾಮಿಯ ಫೋನು ಬಂತು. ಸಭೆ ಸಮಾರಂಭಗಳಿಗೆ ದೊಡ್ಡ ಎಲ್‌ಇಡಿ ಪರದೆ ಬಾಡಿಗೆಗೆ ಕೊಡುವವನು ಅವನು. ಪರದೆಯ ಮೇಲೆ ವಿಡಿಯೋ ಬಿಡುವ ಕೆಲಸಕ್ಕೆ ತನ್ನ ಊರ ಕಡೆಯವಳೆಂದು ಪುಷ್ಪಾಳನ್ನೇ ಕರೆಯುತ್ತಿದ್ದ.

"ಪುಷ್ಪಾ, ಬೈಬ್ಯಾಡ, ಒಂದು ಮಾತು ಹೇಳ್ತೀನಿ. ಹೊನ್ನಾಳಿ ಮಾಲತೇಶ ನ್ಯಾಮತಿ ಅಖಾಡಕ್ಕೆ ನಮ್ಮ ಎಲ್‌ಇಡಿ ಬುಕ್ ಮಾಡ್ಯಾನೆ. ಅವನ ಹೋರಿ ವಿಡಿಯೋನೂ ನೀನೇ ಮಾಡ್ಬೇಕಂತೆ."

"ನಾನಾ?"

"ಹೆಸರು ಹಿಡ್ದೇ ಹೇಳ್ದ. ಸ್ಲೇಟ್ ಪುಷ್ಪಕ್ಕನ್ನೇ ಕರ್ಕಂಬಾ ಅಂದ. ನೀನು ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೀನಿ. ಹಾಳಾಗಿ ಹೋಗ್ಲಿ ಅವನ ಬುಕಿಂಗು."

ಪುಷ್ಪಾ ತಮ್ಮನ ಬೆರಳಿನ ಕಡೆ ಒಮ್ಮೆ ನೋಡಿದಳು. "ಬರ್ತಾಳೆ ಅಂತ ಹೇಳ್ರಿ ರುದ್ರಣ್ಣ" ಎಂದಳು.

ಪಕ್ಕದಲ್ಲಿ ಕೂತಿದ್ದ ಕೆಂಚೇಶನ ಮುಖ ಕಪ್ಪಾಯಿತು. "ಅವನ ಅಂಗಳಕ್ಕೆ ಹೋಗ್ತೀಯಾ ಅಕ್ಕಾ? ಅವನ ಹೋರಿಗೆ ಹಾಡು ಹಾಕ್ತೀಯಾ? ನಾಚ್ಕಿ ಆಗಲ್ವಾ ನಿಂಗೆ?" ಎಂದ. ಅವಳು "ಕೆಲ್ಸ ಕಣೋ" ಎಂದಷ್ಟೇ ಹೇಳಿದಳು. ಅವನು ತಟ್ಟೆ ಸರಿಸಿ ಎದ್ದುಹೋದ. ಆಮೇಲೆ ಅವಳ ಜೊತೆ ಮಾತು ಬಿಟ್ಟ. ಅವಳೂ ಬಿಡಿಸಿ ಹೇಳಲಿಲ್ಲ. ಹೇಳಲು ಅವಳ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ.

ಹಬ್ಬದ ಮುನ್ನಾದಿನ ಮಧ್ಯಾಹ್ನ ಹೊನ್ನಾಳಿಗೆ ಹೋದಳು. ಮಾಲತೇಶ ದನದ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸುತ್ತ ಅವನ ನಾಲ್ಕಾರು ಬಾಲಬಡುಕರು.

"ಬಂದ್ಯೇನವ್ವಾ? ಸ್ಲೇಟು ಬಳಪ ಎಲ್ಲ ತಂದೀಯಾ?"

"ತಂದೀನ್ರೀ."

"ಶಿವಮೊಗ್ಗದ ಸ್ಟುಡಿಯೋದೋರು ನಾವು ಮಾಡ್ಕೊಡ್ತೀವಿ ಅಂತ ದುಂಬಾಲು ಬಿದ್ರು. ಅಲ್ಲಿ ಗ್ವಾಡೆಯಷ್ಟು ಪರದೆ ಇಟ್ಕಂಡು ಹತ್ತು ಮಂದಿ ಕಣ್ಣು ಕಿಸ್ಕಂಡು ನೋಡ್ತಾರೆ. ನಂಗೆ ಅದು ಬ್ಯಾಡ. ನಿನ್ನ ಸ್ಲೇಟಿನಾಗೆ ಏನು ಕಾಣ್ತೈತೆ, ಏನು ಕಾಣಾಕಿಲ್ಲ ಅಂತ ನಾನು ಹೋದ ವರ್ಷನೇ ನೋಡೀನಲ್ಲ!" ಎಂದು ಅವನು ನಕ್ಕ. ಬಾಲಬಡುಕರೂ ನಕ್ಕರು. "ಇನ್ನೊಂದೈತೆ. ನಿನ್ನ ತಮ್ಮನ ಬೆರಳು ಮುರಿದ ಹೋರಿಗೆ ನೀನೇ ವಿಡಿಯೋ ಮಾಡಿದ್ರೆ, ತಪ್ಪು ಯಾರದಿತ್ತು ಅಂತ ಊರಿಗೆಲ್ಲ ತಾನೇ ಗೊತ್ತಾಗ್ತೈತೆ. ಏನಂತೀಯಾ?"

ಪುಷ್ಪಾಳ ಕಿವಿ ಬಿಸಿಯಾದವು. ಅವನು ತನ್ನ ಕೆಲಸಕ್ಕಲ್ಲ, ತನ್ನ ಯಂತ್ರದ ಕುರುಡುತನಕ್ಕೆ ಬಾಡಿಗೆ ಕೊಡುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಹಾರದಲ್ಲಿ ಇವತ್ತೂ ಏನೋ ಇದೆ ಎಂಬುದೂ ಅರ್ಥವಾಯಿತು. ಇಲ್ಲದಿದ್ದರೆ ದೊಡ್ಡ ಪರದೆಯವರಿಗೆ ಇವನು ಯಾಕೆ ಹೆದರಬೇಕು? ಅವಳು ನಾಲಿಗೆ ಕಚ್ಚಿಕೊಂಡು, "ಏನೇನು ಬರ್ಬೇಕು ಹೇಳ್ರಿ" ಎಂದಳು.

"ಕೊರಳು! ಕೊಬ್ಬರಿ ಹಾರ ಹತ್ತಿರದಿಂದ ಬರ್ಬೇಕು. ಸ್ಲೋ ಮೋಷನ್. ಕೆಳಗೆ ದಪ್ಪ ಅಕ್ಷರದಾಗೆ 'ಯಾರೂ ಹರಿಯದ ಹಾರ' ಅಂತ ಹಾಕ್ಬೇಕು."

ಹಾರ ಆಗಲೇ ಹೋರಿಯ ಕೊರಳಲ್ಲಿತ್ತು. ಹೊರಗೆ ಹೊಸ ಹುರಿಯನ್ನು ಜಡೆ ಹೆಣೆದಂತೆ ಸುತ್ತಿದ್ದರು. ಮಾರು ದೂರದಿಂದ ನೋಡಿದರೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಅವನ ಧೈರ್ಯವೆಲ್ಲ ಆ ಹುರಿಯ ಮೇಲೆ. ಬಿಸಿಲು ಇಳಿಯುತ್ತಿತ್ತು. ಪುಷ್ಪಾ ಕ್ಯಾಮರಾ ಹಿಡಿದು, "ಹೋರಿ ಮುಖ ಸ್ವಲ್ಪ ಪಡುವಲಕ್ಕೆ ತಿರುಗಿಸ್ರಿ, ಬಣ್ಣ ಚೆನ್ನಾಗಿ ಬರ್ತೈತೆ" ಎಂದಳು. ಮಾಲತೇಶ ತಾನೇ ಎದ್ದು ಮೂಗುದಾರ ಹಿಡಿದು ತಿರುಗಿಸಿದ. ಹೋರಿ ನೊಣ ಓಡಿಸಲು ಕತ್ತು ಕೊಡವಿತು. ಕೊಬ್ಬರಿಯ ತೂತಿನ ಅಂಚು ಉಜ್ಜಿ ಉಜ್ಜಿ ಒಂದೆರಡು ಕಡೆ ಹುರಿಯ ನಾರು ಎದ್ದಿತ್ತು. ಆ ಸಂದಿಯಲ್ಲಿ, ಓರೆ ಬಿಸಿಲಿಗೆ, ಕೂದಲೆಳೆಯಷ್ಟು ಬೆಳ್ಳಗೆ ಏನೋ ಮಿಂಚಿತು. ಬೈಕಿನ ಕ್ಲಚ್ ವೈರಿನ ಎಳೆ! ಅವಳು ಕ್ಯಾಮರಾದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದ್ಸಲ ಕತ್ತು ಆಡಿಸ್ಲಿ ರೀ" ಎಂದಳು. ಮಾಲತೇಶ ಆಡಿಸಿದ.

ಆಮೇಲೆ ಅಲ್ಲೇ ದನಕ್ಕೆ ನೀರಿಡುವ ಬಾನಿಯ ಕಟ್ಟೆಯ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡು ಕೆಲಸ ಶುರು ಮಾಡಿದಳು. ಮಸುಕು ನಕಲು ಮಾಡಿ, ಹಾಡು ಹಾಕಿ, ಹೋರಿ ಬರುವುದು, ಜನ ಕೂಗುವುದು, ಕೊರಳು, ಹಾರ, ದಪ್ಪ ಅಕ್ಷರ, ಎಲ್ಲ ಜೋಡಿಸಿದಳು. ಮಾಲತೇಶ ಮಂಡಿ ಮೇಲೆ ಕೈಯೂರಿ ಬಗ್ಗಿ ನೋಡಿದ. ಪರದೆಯಲ್ಲಿ ಹೋರಿಯ ಕೊರಳೂ ಕಂದು, ಹುರಿಯೂ ಕಂದು.

"ಕಾಣ್ತೈತೇನ್ರೀ ಚೆನ್ನಾಗಿ?"

"ಬೆಂಕಿ ಐತೆ! ಕೊರಳಿಂದು ಇನ್ನಾ ನಿಧಾನ ಮಾಡು. ಇನ್ನಾ ಹತ್ರ ತಗಾ."

"ಎಲ್‌ಇಡಿಯಾಗೆ ಇದು ಇನ್ನೂ ದೊಡ್ಡಕ್ಕೆ, ಸ್ಪಷ್ಟ ಕಾಣ್ತೈತ್ರೀ. ಈಗ್ಲೇ ಹೇಳೀನಿ, ಆಮೇಲೆ ನನ್ನ ಅನ್ಬ್ಯಾಡ್ರಿ."

ಬಾಲಬಡುಕನೊಬ್ಬನಿಗೆ ಸಣ್ಣ ಅನುಮಾನ ಬಂತು. "ಅಣ್ಣಾ, ಅಷ್ಟು ಹತ್ರ ಬ್ಯಾಡೇನೋ" ಎಂದು ಕಿವಿಯಲ್ಲಿ ಉಸುರಿದ. ಮಾಲತೇಶ ಅವನ ತಲೆಗೊಂದು ಮೊಟಕಿದ.

"ಬಾವ್ಯಾಗೆ ಇಲ್ದಿದ್ದು ಕೊಡಕ್ಕೆ ಬರ್ತೈತೇನಲೇ? ಇದ್ರಾಗೆ ಕಾಣದ್ದು ಅದ್ರಾಗೆ ಎಲ್ಲಿಂದ ಕಾಣ್ಬೇಕು? ದೊಡ್ಡದು ಮಾಡಿದ್ರೆ ದೊಡ್ಡ ಮಸುಕು ಅಷ್ಟೇ. ನೀನು ಮಾಡವ್ವಾ, ಇನ್ನಾ ಹತ್ರ!"

"ಮಾಡಾಣ್ರೀ" ಎಂದಳು ಪುಷ್ಪಾ.

ಬೆಳಿಗ್ಗೆ ಚನ್ನಗಿರಿಯ ಕೋಣೆಯಲ್ಲಿ ವಿಡಿಯೋ ಬೆಂದು ಸಿದ್ಧವಾಗಿತ್ತು. ಆ ಜಾಗ ಬಂದಾಗ ನಿಲ್ಲಿಸಿ, ಹಿಗ್ಗಿಸಿ ನೋಡಿದಳು. ಇತ್ತು. ಇದನ್ನು ನೇರ ಹಾಲೇಶಪ್ಪನವರ ಮನೆಗೆ ಒಯ್ದು ತೋರಿಸಬಹುದಿತ್ತು. ಮರ್ಯಾದಸ್ಥರು ಹಾಗೆಯೇ ಮಾಡುತ್ತಿದ್ದರೇನೋ. ಆದರೆ ಮರ್ಯಾದೆಯಿಂದ ಹೋಗಿ ತೋರಿಸಿದ್ದಕ್ಕೆ ಹೋದ ವರ್ಷ ಏನಾಯಿತು? ನಾಲ್ಕು ಗೋಡೆ ಮಧ್ಯೆ ತೋರಿಸಿದರೆ ನಾಲ್ಕು ಗೋಡೆ ಮಧ್ಯೆಯೇ ರಾಜಿಯಾಗುತ್ತದೆ. ಊರೆದುರು ಹೋದದ್ದು ಊರೆದುರೇ ಬರಲಿ ಎಂದು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು, ಗೋಡೆಗೆ ಮುಖ ಹಾಕಿ ಮಲಗಿದ್ದ ತಮ್ಮನ ಹೊದಿಕೆ ಎಳೆದಳು.

"ಏಳು. ನ್ಯಾಮತಿಗೆ ಬಾ ನನ್ ಜೊತೆ."

"ನಾ ಬರಲ್ಲ."

"ಏನೂ ಕೇಳಬ್ಯಾಡ. ನಿನ್ನ ಅಕ್ಕ ಅನ್ನೋದು ಇನ್ನೂ ನೆನಪಿದ್ರೆ ಬಾ."

ಬಂದ. ದಾರಿಯುದ್ದಕ್ಕೂ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಅಖಾಡದಲ್ಲಿ ಸಾವಿರಾರು ಜನ. ಮನೆಗಳ ಮಾಳಿಗೆ, ಟ್ರ್ಯಾಕ್ಟರು, ಮರದ ಕೊಂಬೆ, ಎಲ್ಲಿ ನೋಡಿದರೂ ತಲೆ. ವೇದಿಕೆಯ ಪಕ್ಕ ರುದ್ರಣ್ಣನ ಎಲ್‌ಇಡಿ ಪರದೆ ಒಂದು ಮನೆಯ ಗೋಡೆಯಷ್ಟು ಎತ್ತರ ನಿಂತಿತ್ತು. ಅದರ ಬುಡದಲ್ಲಿ ಒಂದು ಕ್ರೇಟನ್ನು ಬೋರಲು ಹಾಕಿಕೊಂಡು, ಸ್ಲೇಟಿನಷ್ಟು ಯಂತ್ರವನ್ನು ತೊಡೆ ಮೇಲಿಟ್ಟುಕೊಂಡು ಪುಷ್ಪಾ ಕೂತಿದ್ದಳು. ಹೋರಿ ಹಿಡಿಯುವ ಹುಡುಗರು ಬೇಲಿಯ ಮುಂದೆ ಸಾಲಾಗಿ ನಿಂತಿದ್ದರು. ಕೆಂಚೇಶ ಅವರ ಹಿಂದೆ ನಿಂತಿದ್ದ.

"ಬರ್ತಾ ಇದಾನೆ ನೋಡ್ರಪ್ಪಾ ಬರ್ತಾ ಇದಾನೆ! ಕೊಬ್ಬರಿ ಮುಟ್ಟಾಕೂ ಬಿಡದ ಗಂಡು, ಹೊನ್ನಾಳಿ ಸಿಡಿಲು!" ಎಂದು ಮೈಕಿನವನು ಗಂಟಲು ಹರಿದುಕೊಂಡ. ದೂರದ ಬಾಗಿಲಲ್ಲಿ ಮಾಲತೇಶ ಬಿಳಿ ಬಟ್ಟೆಯಲ್ಲಿ, ಹೋರಿಯ ಪಕ್ಕ, ಕೈ ಎತ್ತಿ ನಿಂತಿದ್ದ. ಪುಷ್ಪಾ ಗುಂಡಿ ಒತ್ತಿದಳು.

ಹಾಡು ಗುಡುಗಿತು. ಹೋರಿ ಪರದೆಯ ಮೇಲೆ ಬಂತು, ಸಿಳ್ಳೆಗಳು ಹಾರಿದವು. ಕೊರಳು ಬಂತು. ನಿಧಾನವಾಗಿ, ಮಾಲತೇಶ ಹೇಳಿದಷ್ಟೇ ನಿಧಾನವಾಗಿ, ಹತ್ತಿರ ಹತ್ತಿರ ಬಂತು. ಒಂದೊಂದು ಕೊಬ್ಬರಿ ಬಟ್ಟಲು ಬಂಡಿಯ ಗಾಲಿಯಷ್ಟಾಯಿತು. ಎದ್ದ ನಾರಿನ ಸಂದಿಯಿಂದ ಉಕ್ಕಿನ ಎಳೆ ಹೊರಬಂತು, ಬಾವಿ ಹಗ್ಗದಷ್ಟು ದಪ್ಪ, ಫಳಫಳ ಹೊಳೆಯುತ್ತ. ಅದರ ಕೆಳಗೇ ಅಕ್ಷರಗಳು ಮೂಡಿದವು: ಯಾರೂ ಹರಿಯದ ಹಾರ.

ಪುಷ್ಪಾ ಮೂಲೆ ಮುರಿದ ಉದ್ದ ಗುಂಡಿಯನ್ನು ಒತ್ತಿ ವಿಡಿಯೋವನ್ನು ಅಲ್ಲೇ ನಿಲ್ಲಿಸಿದಳು. ಹಾಡೂ ನಿಂತಿತು.

ಹಿಂದಿನವರು ಇನ್ನೂ ಸಿಳ್ಳೆ ಹೊಡೆಯುತ್ತಲೇ ಇದ್ದರು. ಮುಂದಿನ ಸಾಲಿನ ಹುಡುಗನೊಬ್ಬ ಕೂಗಿದ: "ಲೇ, ತಂತಿ ಕಣ್ರಲೇ ಅದು! ತಂತಿ ಐತೆ!" ಆ ಮಾತು ಬಾಯಿಂದ ಬಾಯಿಗೆ ಹೋಗಿ ಮಾಳಿಗೆಗಳ ಮೇಲಿನ ತನಕ ಮುಟ್ಟಿತು.

ಮಾಲತೇಶ ಓಡಿ ಬಂದ. "ಆಫ್ ಮಾಡೇ! ಗ್ರಾಫಿಕ್ಸ್ ಅದು! ಆಕೆ ಬೇಕಂತ್ಲೇ ಮಾಡ್ಯಾಳೆ, ತಮ್ಮನ ಸಿಟ್ಟಿಗೆ ಮಾಡ್ಯಾಳೆ!"

ಹಾಲೇಶಪ್ಪನವರು ಮೈಕು ತೆಗೆದುಕೊಂಡರು. "ಗ್ರಾಫಿಕ್ಸೋ ಏನೋ, ನಂಗೆ ತಿಳಿಯಾಕಿಲ್ಲ. ಹೋರಿ ಇಲ್ಲೇ ಐತೆ, ಹಾರನೂ ಕೊರಳಾಗೇ ಐತೆ. ಹಿಡ್ಕಂಬರ್ರಿ."

ಹೋರಿಯನ್ನು ವೇದಿಕೆಯ ಮುಂದೆ ತಂದು ನಿಲ್ಲಿಸಿದರು. ಯಾರು ಕೈ ಹಾಕಬೇಕು ಎಂದು ಎಲ್ಲರೂ ನೋಡುತ್ತಿದ್ದಾಗ ಕೆಂಚೇಶ ಹುಡುಗರನ್ನು ಸರಿಸಿಕೊಂಡು ಮುಂದೆ ಬಂದ. ಒಂದು ವರ್ಷದಿಂದ ಜೇಬಿನಲ್ಲಿ ಅಡಗಿಸಿದ್ದ ಬಲಗೈಯನ್ನು ಹೊರತೆಗೆದು ಮೇಲೆತ್ತಿದ. ಎರಡು ಬೆರಳು ನೆಟ್ಟಗೆ ನಿಂತಿದ್ದವು.

"ಮಾಲತೇಶಣ್ಣಾ, ಗ್ರಾಫಿಕ್ಸ್ ಅಂದ್ರಲ್ಲ. ಬರೀ ಹುರಿ ಆಗಿದ್ರೆ ನೀವೇ ಎಳ್ದು ಹರೀರಿ. ನಿಮ್ಮ ಹೋರಿ, ನಿಮ್ಗೆ ಹಾಯಾಕಿಲ್ಲ."

ಜನಕ್ಕೆ ಅಷ್ಟು ಸಾಕಾಯಿತು. "ಹರೀರಿ! ಹರೀರಿ!" ಎಂದು ಅಖಾಡಕ್ಕೆ ಅಖಾಡವೇ ಕೂಗತೊಡಗಿತು. ಮಾಲತೇಶ ಸುತ್ತ ನೋಡಿದ. ಅವನ ಬಾಲಬಡುಕರು ಒಬ್ಬೊಬ್ಬರಾಗಿ ಹಿಂದೆ ಸರಿದಿದ್ದರು. ಅವನು ಹಾರದ ತನಕ ಕೈ ಚಾಚಿದ. ಬೆರಳು ಹುರಿಯನ್ನು ಮುಟ್ಟಿತು. ಎಳೆಯಬೇಕು, ಎಳೆಯಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಹಾಲೇಶಪ್ಪನವರು ಕುಡುಗೋಲು ತರಿಸಿ ಹಾರಕ್ಕೆ ಹಾಕಿದರು. ಹುರಿ ತುಂಡಾಯಿತು, ತಂತಿ ಬಗ್ಗಿತೇ ಹೊರತು ತುಂಡಾಗಲಿಲ್ಲ. ಕೊನೆಗೆ ಗಂಟು ಬಿಚ್ಚಿ ತೆಗೆದು ವೇದಿಕೆಯ ಮೇಲೆ ಎಸೆದರು. ಹೋರಿ ಹಿಡಿಯುವ ಹುಡುಗರು ತಮ್ಮ ತಮ್ಮ ಅಂಗೈಯ ಹಳೆಯ ಗಾಯ ತೋರಿಸುತ್ತ ಮುಂದೆ ನುಗ್ಗಿದರು. ಅದು ತಮ್ಮ ತಪ್ಪು ಎಂದುಕೊಂಡೇ ಅವರೆಲ್ಲ ಇಷ್ಟು ದಿನ ಸುಮ್ಮನಿದ್ದವರು. ಹಾಲೇಶಪ್ಪನವರು ತೀರ್ಪು ಹೇಳಿದರು: "ಹೋರಿದೇನೂ ತಪ್ಪಿಲ್ಲ. ಆದ್ರೆ ಈ ಮಾಲೀಕನ ಯಾವ ಹೋರಿನೂ ಇನ್ಮ್ಯಾಲೆ ನಮ್ಮ ಸೀಮೆ ಅಖಾಡಕ್ಕೆ ಇಳಿಯಂಗಿಲ್ಲ. ಹೊರಡ್ರಿ."

ಬಲೂನಿಲ್ಲದೆ, ಜೂಲವಿಲ್ಲದೆ, ಡೊಳ್ಳಿಲ್ಲದೆ ಮಾಲತೇಶ ತನ್ನ ಹೋರಿಯ ಹಗ್ಗ ಹಿಡಿದು ಜನರ ನಡುವೆ ನಡೆಯಬೇಕಾಯಿತು. ಹೋದ ವರ್ಷ ನಗಿಸಿದ್ದ ಅದೇ ಮೈಕಿನವನು, ಗಾಳಿ ಬಂದ ಕಡೆ ತೂರಿಕೊಳ್ಳುವವನು, "ಕ್ಲಚ್ ವೈರ್ ಮಾಲತೇಶಣ್ಣ ಹೊರಗೆ ಹೋಗ್ಬೇಕಂತ ವಿನಂತಿ" ಎಂದ. ಇವತ್ತಿಗೂ ಹೊನ್ನಾಳಿಯಲ್ಲಿ ಅವನಿಗೆ ಅದೇ ಹೆಸರು. ಪುಷ್ಪಾಳಿಗೆ ಪಾಪ ಅನ್ನಿಸಿತೇ ಎಂದು ಕೇಳುತ್ತೀರೇನೋ. ಇಲ್ಲ. ಬೆಲ್ಲದ ಅಚ್ಚು ಬಾಯಿಗೆ ಹಾಕಿಕೊಂಡಷ್ಟು ಸಿಹಿಯಾಯಿತು.

ಅವನು ಅವಳ ಮುಂದೆ ಬಂದಾಗ ನಿಂತ. ಹಲ್ಲು ಕಡಿಯುತ್ತ ಹೇಳಿದ: "ನೀನು ನಿನ್ನೇನೇ ನೋಡಿದ್ದೆ. ನೋಡಿ ಸುಮ್ನಿದ್ದೆ."

"ನೀವೂ ನೋಡಿದ್ರಲ್ರೀ. ನೋಡಿ 'ಬೆಂಕಿ ಐತೆ' ಅಂದ್ರಿ" ಎಂದಳು ಪುಷ್ಪಾ, ಲ್ಯಾಪ್‌ಟಾಪನ್ನು ಮುಚ್ಚುತ್ತ. "ಇಷ್ಟು ಸಣ್ಣದ್ರಾಗೆ ಏನು ಕಾಣ್ತೈತೆ? ನೀವೇ ಹೇಳಿದ್ದು."

ಜನ ಚದುರಿದ ಮೇಲೆ ಹಾಲೇಶಪ್ಪನವರು ಬಂದರು. "ತಂಗಿ, ಹೋದ ವರ್ಷ ನನ್ ಕಣ್ಣಿಗೆ ಕಾಣ್ಲಿಲ್ಲವ್ವಾ" ಎಂದು ಶುರು ಮಾಡಿದರು. ಅವಳು ಮುಂದೆ ಹೇಳಗೊಡಲಿಲ್ಲ. "ಕಣ್ಣಿಗೆ ಕಾಣ್ದಿದ್ರೆ ಕೈ ಹಾಕಿ ನೋಡ್ಬೋದಿತ್ತು ರೀ. ಹೋದ ವರ್ಷನೂ ಹಾರ ಅಲ್ಲೇ ಇತ್ತು" ಎಂದಳು. ಅವರ ಮೇಲಿನ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಕೆಂಚೇಶ, "ಕೊಡಕ್ಕಾ ಇಲ್ಲಿ" ಎಂದು ಲ್ಯಾಪ್‌ಟಾಪನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡ. ಮಡಚದ ಬೆರಳಿನಿಂದಲೇ ಗುಂಡಿ ಒತ್ತಿದ. ವಿಡಿಯೋ ಓಡಿತು. ಹೋರಿ, ಜನ, ಕೊರಳು, ಹಾರ. ಬಸ್ಸು ಕುಲುಕುತ್ತಿತ್ತು, ಕಿಟಕಿಯಿಂದ ಬಿಸಿಲು ಬಡಿಯುತ್ತಿತ್ತು, ಪರದೆಯಲ್ಲಿ ಮಸುಕು ಕಂದು ಬಣ್ಣ ಬಿಟ್ಟರೆ ಏನೂ ಇಲ್ಲ.

"ಇದ್ರಾಗೆ ಏನೂ ಕಾಣಲ್ಲಕ್ಕಾ" ಎಂದು ಅವನು ನಕ್ಕ. ಒಂದು ವರ್ಷದ ಮೇಲೆ ನಕ್ಕದ್ದು. ನಗುತ್ತ ನಗುತ್ತ ಅತ್ತುಬಿಟ್ಟ. ಪುಷ್ಪಾ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಆ ಬೆರಳು ಇನ್ನು ಮಡಚುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ಹೊನ್ನಾಳಿ ನಿಲ್ದಾಣಕ್ಕೆ ಬಂದು ನಿಂತಿತು. ಕೆಂಚೇಶ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಹಾಕ್ಲಾ?" ಎಂದ.

"ಹಾಕು" ಎಂದಳು ಪುಷ್ಪಾ, ಕಿಟಕಿಯ ಗಾಜನ್ನು ಪೂರ್ತಿ ಸರಿಸುತ್ತ. "ಸೌಂಡು ಜಾಸ್ತಿ ಇಡು. ಹೊನ್ನಾಳಿಯೋರಿಗೂ ಕೇಳ್ಲಿ."